ಬೆಳೆಯೋದಕ್ಕೆ ಮೂರಿಂಚು

ಗೌರಿ ಹಬ್ಬಕ್ಕೆ ಇನ್ನು ಹತ್ತು ಹನ್ನೆರಡು ದಿನ ಇದೆ ಅನ್ನುವಾಗ ವೆಂಕಟಸುಬ್ಬಯ್ಯನವರು ಕಂಕುಳಲ್ಲಿ ಬಟ್ಟೆಯ ಥಾನು ಅವುಚಿಕೊಂಡು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳಲೇಬೇಕು. ಕೃಷ್ಣಮೂರ್ತಿಪುರದ ಆ ಬೀದಿಯವರಿಗೆ ಹಬ್ಬ ಹತ್ತಿರ ಬಂತೆಂದು ತಿಳಿಯುತ್ತಿದ್ದುದೇ ಹಾಗೆ. ಮೂವತ್ತೆರಡು ವರ್ಷ ಅರಮನೆಯ ಬಟ್ಟೆ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದ ಮನುಷ್ಯ. ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ತಿಕ್ಕಿ, ಒಂದು ಎಳೆ ಕಿತ್ತು ಹಲ್ಲಿಗೆ ಕೊಟ್ಟು, ಮೂಗಿಗೆ ಹಿಡಿದು, ಅಂಗಡಿಯವನಿಗೆ ಬೆವರಿಳಿಸಿ ತರುತ್ತಿದ್ದರು. ಒಂದು ಥಾನು ಬಂದರೆ ಅದರಲ್ಲೇ ಅವರಿಗೆ, ಮಗನಿಗೆ, ಮೊಮ್ಮಗನಿಗೆ ಶರಟು. ಉಳಿದದ್ದರಲ್ಲಿ ಮೊಮ್ಮಗಳಿಗೆ ರವಿಕೆ. ಇನ್ನೂ ಉಳಿದರೆ ದಿಂಬಿನ ಗವಸು. ಹಬ್ಬದ ದಿನ ಮನೆಮಂದಿಯೆಲ್ಲ ಒಟ್ಟಿಗೆ ಹೊರಗೆ ಬಂದರೆ ಬ್ಯಾಂಡ್‌ಸೆಟ್ಟಿನವರು ಹೊರಟ ಹಾಗೆ ಕಾಣುತ್ತಿತ್ತು. ನಗುವವರು ನಗುತ್ತಿದ್ದರು, ಬಟ್ಟೆ ಮಾತ್ರ ನಾಲ್ಕು ವರ್ಷ ಹರಿಯುತ್ತಿರಲಿಲ್ಲ.

ಸೊಸೆ ಭಾನುಮತಿಗೆ ಥಾನು ಅಂದರೆ ಮೊದಲು ಕೆಲಸ. ಬಂದ ಸಂಜೆಯೇ ಅದನ್ನು ಬಚ್ಚಲುಮನೆಯ ದೊಡ್ಡ ಕೊಳಗದಲ್ಲಿ ನೆನೆಹಾಕಬೇಕು, ಬೆಳಗ್ಗೆ ಹಿಂಡಿ ಹಿತ್ತಲ ಉದ್ದಕ್ಕೂ ಹರವಬೇಕು, ಒಣಗಿದ ಮೇಲೆ ಮಡಿಸಿ ದರ್ಜಿ ಪುಟ್ಟಣ್ಣನ ಅಂಗಡಿಗೆ ಕಳಿಸಬೇಕು. ಅಂಗಡಿಯಲ್ಲಿ ಹತ್ತು ಜನ ಮುಟ್ಟಿದ ಬಟ್ಟೆ ನೀರು ಕಾಣದೆ ಮೈಮೇಲೆ ಬರಕೂಡದು ಅನ್ನುವುದು ಆ ಮನೆಯ ನಿಯಮ. ಮದುವೆಯಾಗಿ ಬಂದ ಹದಿನೇಳು ವರ್ಷದಿಂದ ಅವಳು ಹಾಗೇ ಮಾಡಿಕೊಂಡು ಬಂದಿದ್ದಳು. ಯಾಕೆ ಎಂದು ಕೇಳಿರಲಿಲ್ಲ, ಕೇಳಬೇಕೆಂದು ತೋಚಿಯೂ ಇರಲಿಲ್ಲ.

ಪುಟ್ಟಣ್ಣನಿಗೂ ಒಂದು ಖಾಯಂ ಅಪ್ಪಣೆ ಇತ್ತು. "ಬೆಳೆಯೋ ಮಕ್ಕಳು ಕಣಯ್ಯ. ಮೂರಿಂಚು ಜಾಸ್ತಿ ಬಿಡು." ಹನ್ನೆರಡು ವರ್ಷದ ಶಾರದಳ ಲಂಗದ ಅಂಚಿನಲ್ಲಿ ವರ್ಷಕ್ಕೊಂದು ಮಡಿಕೆ ಬಿಚ್ಚಿದ ಗೆರೆ ಇರುತ್ತಿತ್ತು, ಬಣ್ಣ ಮಾಸದ ಆ ಪಟ್ಟಿಗಳನ್ನು ಎಣಿಸಿ ಲಂಗಕ್ಕೆ ಎಷ್ಟು ವಯಸ್ಸೆಂದು ಹೇಳಬಹುದಿತ್ತು. ಅವಳಣ್ಣ ನಂಜುಂಡನ ಚಡ್ಡಿಗಳೂ ಹಾಗೇ. ಹೊಸದಾಗಿದ್ದಾಗ ಮಂಡಿಯ ಕೆಳಗೆ ಚೀಲದ ಹಾಗೆ ಜೋಲಾಡುತ್ತಿದ್ದವು, ಸರಿಯಾಗಿ ಕೂರುವ ಹೊತ್ತಿಗೆ ಹಿಂದೆ ತೇಪೆ ಬಿದ್ದಿರುತ್ತಿತ್ತು.

ಐವತ್ತೈದನೇ ಇಸವಿಯ ಆ ಹಬ್ಬಕ್ಕೆ ಬಂದದ್ದು ಬಿಳಿಯ ಮೇಲೆ ನೀಲಿ ಗೆರೆಯ ಥಾನು. ಜೊತೆಗೆ ಮೊಮ್ಮಗನ ಚಡ್ಡಿಗೆ ಒಂದೂವರೆ ಗಜ ಖಾಕಿ. ಗಂಡಸರೆಲ್ಲ ಊಟಕ್ಕೆ ಕೂತಿದ್ದಾಗ ನಂಜುಂಡ ಬಾಯಿಬಿಟ್ಟ. ಹದಿನೈದು ತುಂಬಿತ್ತು ಅವನಿಗೆ, ಎಸ್ಸೆಸ್ಸೆಲ್ಸಿಯಲ್ಲಿದ್ದ, ಒಂದೇ ವರ್ಷದಲ್ಲಿ ಅಪ್ಪನನ್ನು ಮೀರಿ ಬೆಳೆದುಬಿಟ್ಟಿದ್ದ.

"ತಾತ, ಈ ಸಲ ನಂಗೆ ಚಡ್ಡಿ ಬೇಡ. ಪ್ಯಾಂಟು ಬೇಕು. ಬಟ್ಟೆ ನಾನೇ ನೋಡಿ ತರ್ತೀನಿ."

"ನೀನು ನೋಡೋದಾ?" ವೆಂಕಟಸುಬ್ಬಯ್ಯನವರಿಗೆ ನಿಜವಾಗಿಯೂ ನಗು ಬಂತು. "ಬಟ್ಟೆ ನೋಡೋದು ಅಂದ್ರೆ ಏನೂಂತ ಗೊತ್ತೇನೋ ನಿಂಗೆ? ಗಂಜಿ ಎಷ್ಟು ಹಾಕಿದಾನೆ, ಹಾಸು ಎಷ್ಟು, ಹೊಕ್ಕು ಎಷ್ಟು, ಏನು ಗೊತ್ತು?"

"ಯಾವಾಗ ಗೊತ್ತಾಗತ್ತೆ ಮತ್ತೆ?"

"ಸಂಪಾದಿಸೋ ಕಾಲಕ್ಕೆ ತಾನೇ ಗೊತ್ತಾಗತ್ತೆ. ನಿನ್ನ ಸಂಬಳ ನಿನ್ನ ಕೈಗೆ ಬರಲಿ, ನಿನ್ನ ಬಟ್ಟೆ ನೀನು ತಂದ್ಕೋ. ಯಾರು ಬೇಡ ಅಂತಾರೆ?"

ಹುಡುಗ ಅಲ್ಲಿಗೇ ಸುಮ್ಮನಾಗಬಹುದಿತ್ತು. ಆಗಲಿಲ್ಲ. "ಅಪ್ಪ ಸಂಪಾದಿಸ್ತಾರಲ್ಲ. ಅಪ್ಪನ ಶರಟು ಯಾರು ತಂದಿದ್ದು?"

ಬಾಗಿಲ ಹತ್ತಿರ ಅನ್ನದ ತಪ್ಪಲೆ ಹಿಡಿದು ನಿಂತಿದ್ದ ಭಾನುಮತಿ ಗಂಡನ ಕಡೆ ನೋಡಿದಳು. ಲಕ್ಷ್ಮೀನರಸಿಂಹ ತಾಲ್ಲೂಕು ಕಚೇರಿಯ ಗುಮಾಸ್ತೆ, ನಲವತ್ತೆರಡರ ಆಸಾಮಿ. ಒಂದನೇ ತಾರೀಖು ಸಂಬಳವನ್ನು ಲಕೋಟೆ ಸಮೇತ ಅಪ್ಪನ ಕೈಗಿಟ್ಟು ನಮಸ್ಕಾರ ಮಾಡುವವನು. ಅವನ ತಲೆ ಎಲೆಯ ಮೇಲಿಂದ ಏಳಲಿಲ್ಲ.

"ಭಾನು, ಒಂದಿಷ್ಟು ಹುಳಿ ಹಾಕು" ಎಂದ. ಎಲೆಯಲ್ಲಿ ಬಡಿಸಿದ ಹುಳಿ ಹಾಗೇ ಇತ್ತು. ಅವಳು ಅದರ ಮೇಲೇ ಇನ್ನೊಂದು ಸೌಟು ಹಾಕಿದಳು.

ಗಂಡನೆಂಬ ಈ ಮನುಷ್ಯ ಒಳ್ಳೆಯವನು. ಕುಡಿತವಿಲ್ಲ, ಇಸ್ಪೀಟಿಲ್ಲ, ಒಂದು ದಿನ ಏರುದನಿಯಲ್ಲಿ ಮಾತಾಡಿದವನಲ್ಲ. ಆದರೆ ಅವನ ಬಾಯಲ್ಲಿ ಇದ್ದದ್ದು ಒಂದೇ ಉತ್ತರ. ಪಲ್ಯ ಯಾವುದು ಮಾಡಲಿ ಅಂದರೆ "ಯಾವುದಾದ್ರೂ ಆಗತ್ತೆ." ಮಗನಿಗೆ ಯಾವ ಸ್ಕೂಲು ಅಂದರೆ "ಯಾವುದಾದ್ರೂ ಆಗತ್ತೆ." ಮಗಳು ಹುಟ್ಟಿದಾಗ ಹೆಸರು ಏನಿಡೋಣ ಎಂದು ಅವಳು ಬಾಣಂತಿ ಕೋಣೆಯಿಂದ ಕೇಳಿಸಿದ್ದಕ್ಕೂ ಅದೇ ಉತ್ತರ ಬಂದಿತ್ತು. ಮೊದಲ ಒಂದೆರಡು ವರ್ಷ ಅದನ್ನು ಅವಳು ಸಾಧುತನ ಅಂದುಕೊಂಡಿದ್ದಳು.

ಮಾರನೆಯ ದಿನ ಕಚೇರಿಯ ಡಬ್ಬಿಗೆ ಮೊಸರನ್ನ ತುಂಬುತ್ತ ಅವಳು ವಿಷಯ ತೆಗೆದಳು.

"ಅಲ್ಲಾಂದ್ರೆ, ಹುಡುಗ ಹೇಳೋದ್ರಲ್ಲಿ ಏನು ತಪ್ಪಿದೆ? ಅವನ ಕಾಲು ನೋಡಿದೀರಾ? ಕೂದಲು ಬಂದಿದೆ. ಸ್ಕೂಲಲ್ಲಿ ಕೊಕ್ಕರೆ ಅಂತ ಕೂಗ್ತಾರಂತೆ."

"ಇನ್ನೊಂದು ವರ್ಷ ತಾನೇ."

"ಈಗ ಬೇಕಾಗಿರೋದು ಅವನಿಗೆ. ದಸರಾ ರಜಕ್ಕೆ ಮುಂಚೆ ಹೆಡ್‌ಮಾಸ್ತರಿಗೆ ರಿಟೈರಾಗತ್ತಂತೆ. ಅವರ ಜೊತೆ ಕ್ಲಾಸಿನ ಹುಡುಗರದ್ದೆಲ್ಲ ಫೋಟೋ ತೆಗೀತಾರಂತೆ. ಚಡ್ಡೀಲಾದ್ರೆ ನಾನು ಹೋಗಲ್ಲ ಅಂತ ಕೂತಿದಾನೆ. ನೀವು ಮಾವನೋರಿಗೆ ಒಂದು ಮಾತು ಹೇಳ್ಬಾರ್ದೇ?"

"ಹೇಳ್ತೀನಿ ಬಿಡು, ಇವತ್ತು ಸಾಯಂಕಾಲ."

ಹೇಳಿದ ಮಾತಿಗೆ ತಪ್ಪದೆ ಲಕ್ಷ್ಮೀನರಸಿಂಹ ಸಂಜೆ ಕೈಕಾಲು ತೊಳೆದು ಜಗಲಿಗೆ ಹೋದ. ಭಾನುಮತಿ ಒಳಗೆ ಅಕ್ಕಿ ಆರಿಸುತ್ತ ಕಿವಿಯನ್ನೆಲ್ಲ ಹೊರಗೆ ಇಟ್ಟಿದ್ದಳು. ಅಪ್ಪ ಮಗ ಏನೋ ಮೆಲ್ಲಗೆ ಮಾತಾಡಿದರು. ಅಷ್ಟು ಹೊತ್ತಿಗೆ ಪುಟ್ಟಣ್ಣ ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಬಂದ. ಸ್ವಲ್ಪ ಹೊತ್ತಿಗೆ ಗಂಡ ಒಳಗೆ ಬಂದು ನೀರು ಕೇಳಿದ.

"ಹೇಳಿದ್ರಾ?"

"ಮಾತು ಶುರು ಮಾಡಿದ್ದೆ. ಪುಟ್ಟಣ್ಣ ಬಂದ. ಅಳತೆ ಕೊಡು ಬಾ ಅಂದ್ರು ಅಪ್ಪ." ನೀರು ಕುಡಿದು ಲೋಟ ಕೆಳಗಿಟ್ಟ. "ನಂಗೆ ಕುತ್ತಿಗೆ ಅರ್ಧ ಇಂಚು ಜಾಸ್ತಿ ಆಗಿದೆಯಂತೆ."

ಭಾನುಮತಿ ಮೊರದಲ್ಲಿದ್ದ ಕಲ್ಲನ್ನು ಎತ್ತಿ ದೂರ ಎಸೆದಳು.

ಗೌರಿ ಹಬ್ಬದ ದಿನ ಇಲವಾಲದಿಂದ ಬೆಳಗಿನ ಬಸ್ಸಿಗೆ ಅವಳ ಅಣ್ಣ ದೊರೆಸ್ವಾಮಿ ಬಂದ. ಎರಡು ಕುಂಬಳಕಾಯಿ, ಒಂದು ಚೀಲ ಹೀರೆಕಾಯಿ, ವೀಳ್ಯದೆಲೆಯ ಮೇಲೆ ಹತ್ತು ರೂಪಾಯಿ. ತವರಿನವರು ಗೌರಿಗೆ ಹೆಣ್ಣುಮಗಳಿಗೆ ಕೊಡುವ ಅರಿಶಿನ ಕುಂಕುಮದ ದುಡ್ಡು ಅದು. ಪ್ರತಿ ವರ್ಷ ಅವಳು ಅದನ್ನು ಕಣ್ಣಿಗೊತ್ತಿಕೊಂಡು ಮಾವನವರ ಕೈಗೆ ಕೊಡುವುದು, ಮಾವನವರು ಅದಕ್ಕೆ ಮೇಲೆ ಒಂದಿಷ್ಟು ಸೇರಿಸಿ ಅವಳಿಗೆ ಒಂದು ಸೀರೆ ತರುವುದು. ಸೀರೆ ಯಾವತ್ತೂ ಚೆನ್ನಾಗಿರುತ್ತಿತ್ತು. ಯಾವ ಬಣ್ಣ ಬೇಕಮ್ಮ ಎಂದು ಯಾರೂ ಕೇಳುತ್ತಿರಲಿಲ್ಲ, ಅಷ್ಟೆ. ಹಸಿರು ಅಂದರೆ ತನಗೆ ಇಷ್ಟ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಅವತ್ತು ಮನೆಯಲ್ಲಿ ಮೂರು ನೀಲಿ ಗೆರೆಯ ಶರಟುಗಳು ಓಡಾಡಿದವು. ನಂಜುಂಡನೂ ಹಾಕಿಕೊಂಡಿದ್ದ. ಕೆಳಗೆ ಹೊಸ ಖಾಕಿ ಚಡ್ಡಿ, ಮಂಡಿಯಿಂದ ಮೂರಿಂಚು ಕೆಳಗೆ. ಹಬ್ಬದ ಹೋಳಿಗೆಯನ್ನು ಅರ್ಧ ಮುರಿದು ಬಿಟ್ಟು ಎದ್ದುಹೋದ. ಹೋಳಿಗೆ ಬಿಟ್ಟು ಏಳುವ ಹುಡುಗನಲ್ಲ ಅವನು. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತಿದ್ದವನ ಹತ್ತಿರ ಹೋಗಿ ಭಾನುಮತಿ ನಿಂತಳು.

"ಫೋಟೋ ಯಾವತ್ತೋ?"

"ಯಾವತ್ತಾದ್ರೇನು. ನಾನು ಹೋಗಲ್ಲ."

"ಕೇಳಿದ್ದಕ್ಕೆ ಹೇಳೋ."

"ಇನ್ನು ಮೂರು ವಾರ. ಶುಕ್ರವಾರ."

ಅವಳು ಸೆರಗಿನ ತುದಿಯ ಗಂಟು ಬಿಚ್ಚಿ ಹತ್ತು ರೂಪಾಯಿ ಅವನ ಕೈಗೆ ತುರುಕಿದಳು. "ಹೋಗಿ ನಿಂಗೆ ಯಾವುದು ಬೇಕೋ ಅದು ತಗೊ. ನೀನೇ ಆರಿಸು, ನೀನೇ ಹೊಲಿಸ್ಕೋ. ಯಾರನ್ನೂ ಕೇಳ್ಬೇಡ."

ಹುಡುಗ ನೋಟನ್ನು ನೋಡಿದ, ಅವಳನ್ನು ನೋಡಿದ. "ನಿನ್ನ ಸೀರೆ?"

"ಪೆಟ್ಟಿಗೆ ತುಂಬ ಇದೆ. ಹೋಗೋ."

ಗಣೇಶನ ಹಬ್ಬ ಕಳೆದ ಮಾರನೇ ದಿನ ಮಾವನವರು ಕೋಟು ಹಾಕಿಕೊಂಡು ನಡುಮನೆಯಲ್ಲಿ ನಿಂತು ಕರೆದರು.

"ಭಾನುಮತಿ, ದೊರೆಸ್ವಾಮಿ ಕೊಟ್ಟದ್ದು ತಾಮ್ಮ. ಸೀರೆ ನೋಡ್ಕೊಂಡು ಬರ್ತೀನಿ."

"ಈ ಸಲ ಸೀರೆ ಬೇಡ ಮಾವ."

"ಯಾಕೆ?"

ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ನಂಜುಂಡನಿಗೆ ಕೊಟ್ಟೆ. ಪ್ಯಾಂಟು ಹೊಲಿಸ್ಕೊಳಕ್ಕೆ."

ಅವರು ಬೈದಿದ್ದರೆ ಚೆನ್ನಾಗಿತ್ತು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಆ ದಿನ ಸಾರನ್ನ ಉಂಡು, ಮಜ್ಜಿಗೆ ಬೇಡವೆಂದು ಎದ್ದರು. ಮಾರನೆಯ ದಿನವೂ ಹಾಗೇ. "ತಾತ ಯಾಕಮ್ಮ ಮಾತಾಡಲ್ಲ?" ಎಂದು ಶಾರದ ಕೇಳಿದ್ದಕ್ಕೆ ಭಾನುಮತಿ ಅವಳ ತಲೆಯ ಮೇಲೊಂದು ಮೊಟಕಿ "ಜಡೆ ಹಾಕ್ತೀನಿ, ನೆಟ್ಟಗೆ ಕೂತ್ಕೊ" ಎಂದಳು. ಮೂರನೆಯ ದಿನ ಮುದುಕರು ತಾವೇ ಅಡಿಗೆಮನೆಯ ಬಾಗಿಲಿಗೆ ಬಂದರು.

"ಪುಟ್ಟಣ್ಣನ ಹತ್ರನೇ ಕೊಡಬಾರ್ದಿತ್ತೆ?"

"ಶಿವರಾಮಪೇಟೇಲಿ ಯಾರೋ ಇದಾರಂತೆ ಮಾವ. ಪ್ಯಾಂಟು ಅವರು ಚೆನ್ನಾಗಿ ಹೊಲೀತಾರಂತೆ. ಸ್ಕೂಲಿನ ಹುಡುಗರೆಲ್ಲ ಅಲ್ಲೇ ಕೊಡೋದಂತೆ."

"ಆಗಲಿ. ಹಾಕ್ಕೊಳ್ಳಲಿ, ನಾನು ಬೇಡ ಅನ್ನಲ್ಲ. ಆದ್ರೆ ಒಂದು ಮಾತು. ಅಂಗಡಿಯಿಂದ ಬಂದದ್ದು ನೀರು ಕಾಣದೆ ಮೈಮೇಲೆ ಬರಕೂಡದು. ಒಂದು ಸಲ ನೀರಿಗೆ ಹಾಕಿ, ದೇವರ ಮುಂದಿಟ್ಟು, ಅರಿಶಿನ ಹಚ್ಚಿ ಕೊಡು. ಅಷ್ಟು ಮಾಡಿದ್ರೆ ಸಾಕು."

"ಆಗಲಿ ಮಾವ" ಎಂದಳು. ಇಷ್ಟಕ್ಕೇ ಮುಗಿಯಿತಲ್ಲ ಎಂದು ಅವಳ ಮನಸ್ಸು ಹಗುರವಾಯಿತು. ಸಂಜೆ ಅವರಿಗೆಂದೇ ಗೊಜ್ಜವಲಕ್ಕಿ ಮಾಡಿದಳು, ಅವರು ಎರಡು ಸಲ ಹಾಕಿಸಿಕೊಂಡು ತಿಂದರು.

ಆ ಮೂರು ವಾರ ನಂಜುಂಡನನ್ನು ಹಿಡಿಯುವವರಿಲ್ಲ. ಕೇಳದೆಯೇ ಸೀಮೆಎಣ್ಣೆಗೆ ಹೋಗಿ ಸಾಲಿನಲ್ಲಿ ನಿಂತ, ಬಾವಿಯಿಂದ ನೀರು ಸೇದಿ ಹಂಡೆ ತುಂಬಿದ, ಶಾರದಳಿಗೆ ಲೆಕ್ಕ ಹೇಳಿಕೊಟ್ಟ. ಬಟ್ಟೆ ಆರಿಸಿದ ಕಥೆಯನ್ನು ಅಮ್ಮನಿಗೆ ನಾಲ್ಕು ಸಲವಾದರೂ ಹೇಳಿರಬೇಕು. ಮೂರು ಅಂಗಡಿ ಹತ್ತಿ ಇಳಿದನಂತೆ. ಮೊದಲನೆಯ ಅಂಗಡಿಯವನು ಖಾಕಿ ತೆಗೆದನಂತೆ, ಇವನು "ಅದು ಬೇಡ" ಅಂದನಂತೆ.

"ಬೇಡ ಅಂದ್ಯಾ? ನೀನೇ?"

"ನಾನೇ ಅಮ್ಮ! ಬೇಡ ಅಂದ ತಕ್ಷಣ ಇನ್ನೊಂದು ತೆಗೆದ. ಅದೂ ಬೇಡ ಅಂದೆ. ಏನೂ ಬೈಲಿಲ್ಲ."

ಕೊನೆಗೆ ಬೂದಿ ಬಣ್ಣದ ಡ್ರಿಲ್ಲು ಬಟ್ಟೆ ತೆಗೆದುಕೊಂಡನಂತೆ. ದರ್ಜಿ "ಎಷ್ಟು ಬಿಡಲಿ ಕೆಳಗೆ?" ಎಂದು ಕೇಳಿದಾಗ "ಏನೂ ಬಿಡ್ಬೇಡಿ, ಸರಿಯಾಗಿ ಅಳತೆಗೆ ಹೊಲೀರಿ" ಅಂದನಂತೆ. ಈ ಮಾತು ಹೇಳುವಾಗ ಅವನ ದನಿಯೇ ಬೇರೆಯಾಗುತ್ತಿತ್ತು. ಭಾನುಮತಿ ಒಲೆ ಊದುತ್ತ ಕೇಳಿಸಿಕೊಳ್ಳುತ್ತಿದ್ದಳು. ಐದನೇ ಸಲ ಹೇಳಿದ್ದರೂ ಕೇಳುತ್ತಿದ್ದಳು.

ಪ್ಯಾಂಟು ಬಂದದ್ದು ಫೋಟೋದ ಹಿಂದಿನ ದಿನ, ಗುರುವಾರ, ಮಧ್ಯಾಹ್ನ ಊಟದ ಬಿಡುವಿನಲ್ಲಿ. ಕಾಗದದ ಪೊಟ್ಟಣ ಎದೆಗವುಚಿಕೊಂಡು ಓಡಿಬಂದವನು ಕೋಣೆಯ ಬಾಗಿಲು ಹಾಕಿಕೊಂಡ. ಹೊರಗೆ ಬಂದಾಗ ಅಮ್ಮನಿಗೆ ಒಂದು ಗಳಿಗೆ ಗುರುತೇ ಹತ್ತಲಿಲ್ಲ. ಸೊಂಟದಲ್ಲಿ ಸರಿಯಾಗಿ ಕೂತಿತ್ತು. ಕೆಳಗೆ ಹಿಮ್ಮಡಿಯ ಹತ್ತಿರ ಸರಿಯಾಗಿ ನಿಂತಿತ್ತು. ಎಲ್ಲೂ ಜೋಲಿಲ್ಲ, ಎಲ್ಲೂ ಮಡಿಕೆಯಿಲ್ಲ. ಹುಟ್ಟಿದಾಗಿನಿಂದ ಅವನ ಮೈಗೆ ಸರಿಯಾದ ಅಳತೆಯ ಬಟ್ಟೆ ಬಿದ್ದದ್ದು ಅದೇ ಮೊದಲು.

"ಅಯ್ಯಯ್ಯೋ, ಯಾರಪ್ಪ ಈ ದೊರೆ!" ಎಂದು ಶಾರದ ಚಪ್ಪಾಳೆ ತಟ್ಟಿದಳು. "ಅಮ್ಮ, ಅಣ್ಣ ಮೇಷ್ಟ್ರು ಥರ ಕಾಣ್ತಾನೆ!"

ಭಾನುಮತಿಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಬಂತು. ಹದಿನೇಳು ವರ್ಷದಲ್ಲಿ ಈ ಮನೆಯಲ್ಲಿ ತಾನಾಗಿ ಮಾಡಿದ ಒಂದು ಕೆಲಸ ಸರಿಯಾಗಿ ಆಯಿತು ಅನ್ನಿಸಿತು. ಹತ್ತಿರ ಹೋಗಿ ಮಗನ ಸುತ್ತ ಒಂದು ಸುತ್ತು ಬಂದಳು. ಎಡಗಾಲ ಮಂಡಿಯ ಮೇಲೆ ದರ್ಜಿಯ ಮಿಷನ್ನಿನ ಎಣ್ಣೆ ತೊಟ್ಟಿಕ್ಕಿ ಕಾಸಗಲ ಕಲೆ ಆಗಿತ್ತು.

"ಬಿಚ್ಚಿಡು. ಹ್ಯಾಗೂ ತಾತ ನೀರಿಗೆ ಹಾಕು ಅಂದಿದಾರೆ. ಆ ಕಲೇನೂ ತೆಗೆದುಬಿಡ್ತೀನಿ. ಸಂಜೆ ಇಸ್ತ್ರಿ ಮಾಡಿ ಕೊಡ್ತೀನಿ."

"ಒಣಗತ್ತಾ ಅಮ್ಮ?"

"ಯಾಕೆ ಒಣಗಲ್ಲ? ನೀನು ಸ್ಕೂಲಿಗೆ ಹೋಗು."

ಎಣ್ಣೆ ಕಲೆ ತಣ್ಣೀರಿಗೆ ಹೋಗುವುದಿಲ್ಲ. ಹಂಡೆಯ ಕೆಳಗೆ ಬೆಂಕಿ ಇನ್ನೂ ಇತ್ತು. ಎರಡು ಚೊಂಬು ಕುದಿಯುವ ನೀರನ್ನು ಬಕೆಟ್ಟಿಗೆ ಸುರಿದು, ಬಾರ್ ಸೋಪು ಹಚ್ಚಿ, ಪ್ಯಾಂಟನ್ನು ಅದರಲ್ಲಿ ಅದ್ದಿಟ್ಟಳು. ಅವಳಿಗೇನು ಗೊತ್ತು? ಈ ಮನೆಯಲ್ಲಿ ಹೊಲಿದ ಬಟ್ಟೆ ಯಾವತ್ತೂ ಕುಗ್ಗಿದ್ದನ್ನು ಅವಳು ಕಂಡವಳಲ್ಲ. ಹೊಲಿಯುವ ಮುಂಚೆಯೇ ಇಡೀ ಥಾನನ್ನು ಅವಳ ಕೈಯೇ ಒಂದು ರಾತ್ರಿ ಪೂರ್ತಿ ನೀರಲ್ಲಿಟ್ಟಿರುತ್ತಿತ್ತು. ಕುಗ್ಗುವುದೆಲ್ಲ ಆ ಕೊಳಗದಲ್ಲೇ ಕುಗ್ಗಿ ಮುಗಿದಿರುತ್ತಿತ್ತು. ಮಡಿಗೆಂದು ಮಾಡಿದ ಕೆಲಸದ ಬೆನ್ನಿಗೆ ಇಂಥದ್ದೊಂದು ಉಪಕಾರ ಅಂಟಿಕೊಂಡಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹುಡುಗನಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಗೊತ್ತಿದ್ದವರು ಮಾವನವರೊಬ್ಬರೇ, ದರ್ಜಿ ಒಳಗೆ ಮಡಿಕೆ ಬಿಟ್ಟೇ ಇರುತ್ತಾನೆಂದು ನಂಬಿದ್ದರು. ಅವರನ್ನು ಯಾರೂ ಕೇಳಲಿಲ್ಲ, ಅವರೂ ತಾವಾಗಿ ಬಾಯಿ ಹಾಕಬಾರದೆಂದು ಜಗಲಿಯ ಮೇಲೆ ಪಂಚಾಂಗ ನೋಡುತ್ತ ಕೂತಿದ್ದರು.

ಕಲೆಯೇನೋ ಹೋಯಿತು. ಸಂಜೆ ತಂತಿಯಿಂದ ತೆಗೆಯುವಾಗ ಬಟ್ಟೆ ಯಾಕೋ ದಪ್ಪವಾಗಿದೆ ಅನ್ನಿಸಿತು ಅವಳಿಗೆ. ಹೊಸ ಡ್ರಿಲ್ಲು, ಹಾಗೇ ಇರುತ್ತದೆ ಎಂದುಕೊಂಡಳು. ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಎರಡು ಕಡೆಯೂ ಗೆರೆ ಬೀಳುವಂತೆ ಒತ್ತಿ ಒತ್ತಿ ಇಸ್ತ್ರಿ ಮಾಡಿದಳು. ದೇವರ ಮುಂದಿಟ್ಟು ಒಳಮಡಿಕೆಯಲ್ಲಿ ಕಾಣದ ಹಾಗೆ ಒಂದು ಚುಕ್ಕೆ ಅರಿಶಿನ ಹಚ್ಚಿದಳು.

"ತಗೊ, ಹಾಕ್ಕೊಂಡು ಬಂದು ತಾತನಿಗೆ ನಮಸ್ಕಾರ ಮಾಡು."

ಕೋಣೆಯ ಬಾಗಿಲು ಹಾಕಿತು. ಬಹಳ ಹೊತ್ತು ತೆಗೆಯಲಿಲ್ಲ. ಒಳಗೆ ಕಾಲು ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಆಮೇಲೆ ನಂಜುಂಡ ಬಾಗಿಲು ತೆರೆದು ನಿಂತ. ಪ್ಯಾಂಟು ಹಿಮ್ಮಡಿಯಿಂದ ನಾಲ್ಕು ಬೆರಳು ಮೇಲಕ್ಕೆ ನಿಂತಿತ್ತು. ಸೊಂಟದ ಗುಂಡಿಗೂ ಕಾಜಕ್ಕೂ ನಡುವೆ ಎರಡು ಬೆರಳು ಸಂದು.

"ಅಮ್ಮ, ಏನು ಮಾಡ್ದೆ?"

"ಒಗೆದೆ ಕಣೋ. ಒಗೆದೆ ಅಷ್ಟೆ. ಬಿಸಿನೀರಲ್ಲಿ..." ಅವಳು ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಪ್ಯಾಂಟಿನ ಅಂಚು ಹಿಡಿದು ಕೆಳಕ್ಕೆ ಎಳೆದಳು. ಬಿಟ್ಟ ಕೂಡಲೇ ಅದು ಮೇಲೆ ಹೋಯಿತು. ಮತ್ತೆ ಎಳೆದಳು. "ಎಳೆದ್ರೆ ಬರತ್ತೆ ಇರೋ. ಶಾರದ, ಆ ಕಡೆ ಹಿಡ್ಕೊ. ಒದ್ದೆ ಮಾಡಿ ಎಳೆದ್ರೆ ಬರತ್ತೆ."

ವೆಂಕಟಸುಬ್ಬಯ್ಯನವರು ಎದ್ದು ಬಂದು ನೋಡಿದರು. ಮೇಲುವಸ್ತ್ರ ಹೊದ್ದು ತಾವೇ ಹೋಗಿ ಪುಟ್ಟಣ್ಣನನ್ನು ಕರೆತಂದರು. ಪುಟ್ಟಣ್ಣ ಪ್ಯಾಂಟನ್ನು ದೀಪಕ್ಕೆ ಹಿಡಿದು ಒಳಗಡೆ ತಿರುಗಿಸಿ ನೋಡಿದ.

"ಮಡಿಕೇನೇ ಬುಟ್ಟಿಲ್ಲ ಸ್ವಾಮಿ. ಅರ್ಧ ಇಂಚು ಬುಟ್ಟವ್ನೆ, ದಾರಕ್ಕೇ ಸರಿಹೋಗೈತೆ. ಬಿಚ್ಚಕ್ಕೆ ಏನೈತೆ ಇದ್ರಾಗೆ?"

"ಏನಾದ್ರೂ ಮಾಡೋ ಪುಟ್ಟಣ್ಣ" ಎಂದಳು ಭಾನುಮತಿ. ದರ್ಜಿಯ ಎದುರಿಗೆ ಅವಳು ನಿಂತು ಮಾತಾಡಿದ್ದು ಅದೇ ಮೊದಲು. "ನಾಳೆ ಬೆಳಗ್ಗೆ ಫೋಟೋ. ಬೇರೆ ತುಂಡು ಸೇರಿಸಕ್ಕೆ ಆಗಲ್ವಾ?"

"ಈ ಬಣ್ಣ ಎಲ್ಲಿ ತರ್ಲವ್ವ ಈ ಒತ್ನಲ್ಲಿ? ನನ್ನತ್ರ ಕೊಟ್ಟಿದ್ರೆ ನೆನೆಹಾಕುಸ್ಬುಟ್ಟು ಮೂರಿಂಚು ಬುಡ್ತಿದ್ದೆ."

"ಅದಕ್ಕೇ ಕಣಮ್ಮ ನಾನು ಬಿಡಿಸ್ತಿದ್ದದ್ದು" ಎಂದರು ಮಾವನವರು. ಗೆದ್ದೆನೆಂಬ ಧಾಟಿಯಲ್ಲಿ ಅಲ್ಲ. ಬಹಳ ಮೆಲ್ಲಗೆ, ತಮಗೇ ಹೇಳಿಕೊಂಡ ಹಾಗೆ ಅಂದರು. ಆ ಮೆಲುದನಿಯನ್ನೇ ಭಾನುಮತಿಗೆ ತಡೆಯಲಾಗಲಿಲ್ಲ.

ಕಚೇರಿಯಿಂದ ಬಂದ ಲಕ್ಷ್ಮೀನರಸಿಂಹ ವಿಷಯ ಕೇಳಿ, ಮಗನ ಪಕ್ಕದಲ್ಲಿ ಕೂತು, ಒಂದಷ್ಟು ಹೊತ್ತು ಯೋಚಿಸಿ, "ನನ್ನ ಪಂಚೆ ಉಟ್ಕೊಂಡು ಹೋಗ್ತೀಯೇನೋ? ಒಗೆದದ್ದು ಇದೆ" ಅಂದ.

"ಮೇಷ್ಟ್ರ ಸಾಲಲ್ಲಿ ಕೂರಿಸ್ತಾರೆ ಅಪ್ಪ" ಅಂದ ನಂಜುಂಡ.

ಶಾರದ ಕಿಸಕ್ಕೆಂದು ನಕ್ಕಳು. ಲಕ್ಷ್ಮೀನರಸಿಂಹನೂ ನಕ್ಕ. ನಂಜುಂಡನೂ ನಕ್ಕ, ಅದನ್ನು ನೋಡಿ 'ಸದ್ಯ, ತಿಳ್ಕೊಂಡ' ಎಂದು ಎಲ್ಲರೂ ಎದ್ದರು. ಭಾನುಮತಿ ಮಾತ್ರ ಏಳಲಿಲ್ಲ. ಅವನು ಕಿರುಚಲಿ, ತಟ್ಟೆ ಎಸೆಯಲಿ, ನಿನ್ನಿಂದಲೇ ಹಾಳಾಯಿತು ಎಂದು ಅನ್ನಲಿ ಎಂದು ಅವಳು ಕಾಯುತ್ತಿದ್ದಳು. ಅವನು ಪ್ಯಾಂಟನ್ನು ಅವಳೇ ಹಾಕಿದ ಗೆರೆಯ ಮೇಲೆ ನೀಟಾಗಿ ಮಡಿಸಿ ಅವಳ ತೊಡೆಯ ಮೇಲಿಟ್ಟ.

"ಬೈಯೋ ನನ್ನ" ಅಂದಳು.

"ಹೋಗ್ಲಿ ಬಿಡಮ್ಮ. ನಿಂಗೇನು ಗೊತ್ತಿತ್ತು."

ಮಾರನೆಯ ದಿನ ಅವನು ನೀಲಿ ಗೆರೆಯ ಶರಟು, ಖಾಕಿ ಚಡ್ಡಿ ಹಾಕಿಕೊಂಡು ಫೋಟೋಕ್ಕೆ ಹೋದ. ಹೋಗಲ್ಲ ಎಂದು ಹಟ ಮಾಡಲೂ ಇಲ್ಲ. ಅವಳು ಗೇಟಿನ ತನಕ ಹೋಗಿ, ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಆಮೇಲೆ ದಸರಾ ಬಂತು, ಗೊಂಬೆ ಕೂರಿಸಿದ್ದಾಯಿತು, ಎತ್ತಿಟ್ಟದ್ದಾಯಿತು. ಪ್ಯಾಂಟನ್ನು ಪುಟ್ಟಣ್ಣ ಮಂಡಿಯ ಮೇಲಕ್ಕೆ ಕತ್ತರಿಸಿ, ಸೊಂಟಕ್ಕೆ ಪಟ್ಟಿ ಕೊಟ್ಟು ಚಡ್ಡಿ ಮಾಡಿಕೊಟ್ಟ. ಕಾಲಿನ ಎರಡು ತುಂಡು ಉಳಿದಿದ್ದವು. ಒಳ್ಳೆ ಡ್ರಿಲ್ಲು, ಬಿಸಾಕುವುದೇಕೆಂದು ಅವನ್ನು ಜೋಡಿಸಿ ಒಂದು ಕೈಚೀಲ ಹೊಲಿದ. ಗಟ್ಟಿಯಾಗಿತ್ತು. ವೆಂಕಟಸುಬ್ಬಯ್ಯನವರು ಮಾರ್ಕೆಟ್ಟಿಗೆ ಅದನ್ನೇ ಒಯ್ಯತೊಡಗಿದರು. "ಹುಡುಗ ಬಟ್ಟೆ ಕೆಟ್ಟದ್ದೇನೂ ಆರಿಸಿರಲಿಲ್ಲ ಕಣಮ್ಮ" ಎಂದು ಒಂದು ದಿನ ಬದನೆಕಾಯಿ ಸುರಿಯುತ್ತ ತಾವಾಗಿಯೇ ಅಂದರು. ಈ ಮಾತನ್ನು ನಂಜುಂಡನ ಎದುರಿಗೇ ಹೇಳಬಾರದಿತ್ತೆ ಎಂದು ಭಾನುಮತಿಗೆ ಅನ್ನಿಸಿತು. ಬಾಯಿಬಿಟ್ಟು ಕೇಳುವ ಧೈರ್ಯ ಬರಲಿಲ್ಲ.

ಸ್ಕೂಲು ಮತ್ತೆ ಶುರುವಾದ ವಾರ ಫೋಟೋ ಬಂತು. ರಟ್ಟಿಗೆ ಅಂಟಿಸಿ, ಕೆಳಗೆ ಹೆಸರುಗಳನ್ನೆಲ್ಲ ಅಚ್ಚು ಹಾಕಿಸಿದ್ದರು. ಎಲ್ಲರೂ ನಡುಮನೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ತರು, ಮೇಷ್ಟ್ರುಗಳು. ಕೆಳಗೆ ಚಾಪೆಯ ಮೇಲೆ ಗಿಡ್ಡ ಹುಡುಗರು, ಕೆಲವರು ಚಡ್ಡಿ, ಕೆಲವರು ಪ್ಯಾಂಟು. ಹಿಂದೆ ಮೂರು ಸಾಲು. ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ, ಬೆಂಚಿನ ಮೇಲೆ, ಎಡದಿಂದ ನಾಲ್ಕನೆಯವನು ನಂಜುಂಡ. ಎದೆಯಿಂದ ಮೇಲಕ್ಕೆ ಮಾತ್ರ ಕಾಣುತ್ತಿದ್ದ.

"ಅಣ್ಣಂಗೆ ಕಾಲೇ ಇಲ್ಲ!" ಅಂದಳು ಶಾರದ.

"ಉದ್ದ ಇರೋರನ್ನೆಲ್ಲ ಹಿಂದೆ ನಿಲ್ಲಿಸಿದ್ರು" ಅಂದ ನಂಜುಂಡ.

ವೆಂಕಟಸುಬ್ಬಯ್ಯನವರು ಕನ್ನಡಕ ಏರಿಸಿ ಫೋಟೋವನ್ನು ಹತ್ತಿರ ಹಿಡಿದರು. "ಶರಟು ನೋಡಮ್ಮ ಹ್ಯಾಗೆ ಬಂದಿದೆ. ಗೆರೆ ಒಂದೊಂದೂ ನೆಟ್ಟಗೆ ಕಾಣತ್ತೆ" ಎಂದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಮೆಚ್ಚಿಗೆಯೇ ಇತ್ತು. ಭಾನುಮತಿ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತಳು. ಕಾಲು ಕಾಣದ ಫೋಟೋಕ್ಕಾಗಿ ಇಷ್ಟೆಲ್ಲ ಆಯಿತೇ ಎಂದು ಅವಳಿಗೆ ತಡೆಯಲಾರದ ಸಂಕಟವಾಯಿತು. ಸೌದೆ ಹಸಿಯಿತ್ತು, ಅತ್ತರೂ ಹೊಗೆಗೆ ಅಂದುಕೊಳ್ಳುತ್ತಾರೆ ಎಂದು ಅತ್ತಳು.

ದೀಪಾವಳಿಗೆ ಒಂದು ವಾರವಿತ್ತು. ಬೆಳಗಿನ ಊಟಕ್ಕೆ ಮೂವರೂ ಸಾಲಾಗಿ ಕೂತಿದ್ದರು, ಅಜ್ಜ, ಮಗ, ಮೊಮ್ಮಗ. ವೆಂಕಟಸುಬ್ಬಯ್ಯನವರು ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿ, ಇನ್ನೂ ಅನ್ನಕ್ಕೆ ಕೈ ಹಾಕದೆ ತಲೆ ಎತ್ತಿದರು. ಹೇಳಬೇಕೆಂದು ಎರಡು ದಿನದಿಂದ ಇಟ್ಟುಕೊಂಡಿದ್ದ ಮಾತಿರಬೇಕು.

"ನಂಜುಂಡ, ಇವತ್ತು ಸ್ಕೂಲು ಬಿಟ್ಟ ಕೂಡ್ಲೇ ಬಂದ್ಬಿಡು. ಬಟ್ಟೆ ಅಂಗಡಿಗೆ ಹೋಗೋಣ."

"ನಾನ್ಯಾಕೆ ತಾತ?"

"ನಿಂದು ನೀನೇ ಆರಿಸ್ಕೋ. ಪ್ಯಾಂಟೇ ಹೊಲಿಸೋಣ. ಯಾವ ದರ್ಜಿ ಬೇಕೋ ಅವನ ಹತ್ರ. ನಾನು ಬಾಯಿ ಹಾಕಲ್ಲ. ಬಟ್ಟೆ ಹ್ಯಾಗೆ ನೋಡ್ಬೇಕು ಅಂತ ಮಾತ್ರ ತೋರಿಸ್ತೀನಿ."

ಬಡಿಸುತ್ತಿದ್ದ ಭಾನುಮತಿ ಸೌಟು ಹಿಡಿದು ಹಾಗೇ ನಿಂತಳು. ದೇವರೇ, ಹೂಂ ಅನ್ನಲಿ ಎಂದು ಅವಳ ಜೀವವೆಲ್ಲ ಮಗನ ಬಾಯಿಯ ಮೇಲೆ ನಿಂತಿತು.

ನಂಜುಂಡ ಅನ್ನ ಕಲಸುತ್ತಿದ್ದ. "ನೀವೇ ತಂದ್ಬಿಡಿ ತಾತ."

"ಯಾಕೋ? ಕೋಪ ಇದ್ಯೇನೋ ಇನ್ನೂ?"

"ಇಲ್ಲ ತಾತ. ಕೋಪ ಯಾಕೆ."

"ಹೋಗ್ಲಿ, ಬಣ್ಣ ಆದ್ರೂ ಹೇಳು. ಆ ಬೂದಿ ಬಣ್ಣಾನೇ ತರ್ಲಾ? ನೀಲಿ ತರ್ಲಾ?"

"ಯಾವುದಾದ್ರೂ ಆಗತ್ತೆ."

ದನಿ ಒಡೆದು ಗಂಡಸಿನ ದನಿಯಾಗಿತ್ತು ಅವನದು. ಕಣ್ಣು ಮುಚ್ಚಿಕೊಂಡು ಕೇಳಿದ್ದರೆ ಅಪ್ಪನೋ ಮಗನೋ ಎಂದು ಭಾನುಮತಿಗೇ ತಿಳಿಯುತ್ತಿರಲಿಲ್ಲ. ಲಕ್ಷ್ಮೀನರಸಿಂಹ ತಲೆ ಎತ್ತಿ ಮಗನನ್ನು ನೋಡಿದ. ಊಟದ ನಡುವೆ ಅವನು ಹಾಗೆ ತಲೆ ಎತ್ತಿದ್ದನ್ನು ಅವಳು ಕಂಡಿರಲಿಲ್ಲ. ಏನೋ ಹೇಳಲು ಹೋದ. ಅಪ್ಪನ ಕಡೆ ನೋಡಿದ, ಮತ್ತೆ ಮಗನ ಕಡೆ ನೋಡಿದ, ಕೊನೆಗೆ ಎಲೆಯ ಕಡೆ.

"ಭಾನು, ಒಂದಿಷ್ಟು ಹುಳಿ" ಎಂದ.

ಅವಳು ಬಡಿಸಿದಳು.

ಸಂಜೆ ಮಾವನವರು ಒಬ್ಬರೇ ಹೋಗಿ, ಬೂದಿ ಬಣ್ಣದ ಆ ಕೈಚೀಲದಲ್ಲಿ ಥಾನು ಹಾಕಿಕೊಂಡು ಬಂದರು. ಚೀಲವನ್ನು ಬಾಗಿಲಲ್ಲಿ ಇಟ್ಟು, ಅಂಗಡಿಯವನನ್ನು ದೂರುವ ಎಂದಿನ ಅಭ್ಯಾಸವನ್ನೂ ಬಿಟ್ಟು ಜಗಲಿಗೆ ಹೋಗಿ ಕೂತರು. ಭಾನುಮತಿ ಕೊಳಗಕ್ಕೆ ನೀರು ತುಂಬಿ ಥಾನು ಬಿಡಿಸಿ ಹಾಕಿದಳು. ಹೊಸ ಬಟ್ಟೆ, ಮೊದಲು ಮೇಲಕ್ಕೇ ಉಬ್ಬಿ ಉಬ್ಬಿ ಬಂತು. ನೀರು ಕುಡಿದು ತಳಕ್ಕೆ ಇಳಿಯುವವರೆಗೂ ಅವಳು ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಿದ್ದಳು.